ಮುನ್ನೂರ ನಾಲ್ಕು

ಕೋಲ್ವಾದ ಹೋಟೆಲಿನವರು ಹಳೇ ಟೀವಿಗಳನ್ನೆಲ್ಲ ತೆಗೆದುಹಾಕಿದರು,
ಎಂಟುನೂರಕ್ಕೊಂದು, ಕೆಲಸದವರಿಗೆ ಮೊದಲು.
ನಲವತ್ತರಲ್ಲಿ ಇದನ್ನೇ ಹುಡುಕಿ ಎತ್ತಿಕೊಂಡಳು ನನ್ನಾಕಿ,
ಎಡಮೂಲೆಯಲ್ಲಿ ಕೊಡಲಿ ಬಾಯಿಯಂಥ ಗೀರು ನೋಡಿ.
ಮಡಗಾಂವದಲ್ಲಿ ಬಸ್ಸು ಬದಲಿಸುವಾಗ
ಕಂಡಕ್ಟರ ಅದಕ್ಕೂ ಒಂದು ಅರ್ಧ ಟಿಕೀಟು ಹರಿದ.

ವಾಸ್ಕೋದ ಗುಡ್ಡದ ಮ್ಯಾಲೆ, ಕಾಯ್ತಾನ್ ಮಾಮ
ಮುನಿಸಿಪಾಲಿಟಿಗೆ ಹೇಳದೆ ಕಟ್ಟಿಸಿದ ಅಟ್ಟ ನಮ್ಮದು.
ಗೋಡೆಗಾನಿಸಿ ಸ್ವಿಚ್ಚು ಒತ್ತಿದರೆ
ನೀಲಿ ಪರದೆ, ಬಂಗಾರದಕ್ಷರ:
ವೆಲ್‌ಕಮ್, ಗೆಸ್ಟ್. ರೂಮ್ ಮುನ್ನೂರ ನಾಲ್ಕು.
ನಂಬರೇ ಇಲ್ಲದ ಮನೆಗೆ
ಹೀಗೊಂದು ನಂಬರು ಬಂತು.

ಇದಕ್ಕೆ ಗಾಳಿಯ ಮಾತು ಕೇಳಿಸುವುದಿಲ್ಲ,
ತಂತಿ ಹಚ್ಚಿ ಕಿವಿಯಲ್ಲೇ ಹೇಳಬೇಕು.
ಬೆನ್ನಿಗೊಂದು ಚೌಕ ತೂತು;
ಹೋಟೆಲಿನವರು ಒಮ್ಮೆಯೂ ಏನನ್ನೂ ಚುಚ್ಚಿರಲಿಲ್ಲ,
ಒಂದು ಕಡಜ ಮಾತ್ರ ಅದನ್ನು ಪತ್ತೆ ಹಚ್ಚಿ
ಮಣ್ಣಿನ ಮನೆ ಕಟ್ಟಿತ್ತು.
ನನ್ನಾಕಿಯ ಹೇರ್‌ಪಿನ್ನಿನಿಂದ ಕೆದರಿದೆ.
ಒಣಗಿದ ಹುಳ, ಅರ್ಧ ರೆಕ್ಕೆ, ಕೆಂಪು ಹೆಂಟೆ,
ಅದರ ಹಿಂದೆ ಎಂಟು ಎಳೆ, ಇನ್ನೂ ಹೊಸ ಹೊಳಪು.

ಕಾಯ್ತಾನ್ ಮಾಮನ ಪಾಸ್‌ವರ್ಡು ಮುಳುಗಿದ ಅವನ ದೋಣಿಯ ಹೆಸರಂತೆ.
ಬಾಯಿಬಿಟ್ಟು ಹೇಳಲೊಲ್ಲ.
ನನ್ನ ಫೋನು ಇಸಕೊಂಡು, ಬೆನ್ನು ತಿರುಗಿಸಿ, ತಾನೇ ಒತ್ತಿದ.
ತಂತಿಗೆ ಪಾಸ್‌ವರ್ಡು ಬೇಕಿಲ್ಲ, ಬೇಕಾದಷ್ಟು ಎಳಕೊ ಅಂದ.

ಎಳೆದೆ. ಅವನ ಮಿಣಮಿಣ ಡಬ್ಬಿಯಿಂದ ಕಿಟಕಿ,
ಕಿಟಕಿಯಿಂದ ಬಟ್ಟೆ ಹಗ್ಗ,
ಹಗ್ಗದ ಜೊತೆ ಜೋತು, ಹಂಚಿನ ಸಂದಿಯಿಂದ ಒಳಗೆ.
ಇಪ್ಪತ್ತೆರಡು ಮೀಟರು.
ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ,
ಮಗ್ಗಿಯಂತೆ ಅಂದುಕೊಳ್ಳುತ್ತ ಕ್ಲಿಪ್ಪು ಹಿಂಡಿದೆ.
ಮೊದಲ ಸಲ ಹಸಿರು ತಪ್ಪಿತು. ಎರಡನೇ ಸಲ
ತೂತಿನ ಪಕ್ಕ ಸಾಸಿವೆಯಷ್ಟು ದೀಪ ಕಣ್ಣು ಮಿಟುಕಿಸಿತು.

ನೆಟ್‌ವರ್ಕು ಸಿಕ್ಕಿತು. ಟೀವಿ ಮಾತ್ರ
ಎರಡುಸಾವಿರದ ಹನ್ನೊಂದು, ಜನವರಿ ಒಂದು ಅನ್ನುತ್ತಲೇ ಇತ್ತು.
ತಾರೀಖು ತಪ್ಪಿದವನಿಗೆ ಯಾರೂ ಬಾಗಿಲು ತೆಗೆಯಲಿಲ್ಲ.
ರಿಮೋಟಿನ ಮೇಲ್ಮುಖ ಬಾಣ ಹದಿಮೂರು ಸಲ ಒತ್ತಬೇಕು.
ಹನ್ನೆರಡು, ಹದಿಮೂರು... ಅವಳು ಬಾಯಲ್ಲೇ ಎಣಿಸಿದಳು.
ಇಪ್ಪತ್ತಕ್ಕೆ ನನ್ನ ಬೆರಳು ನಿಂತಿತು:
ಹೋಟೆಲು ಮುಚ್ಚಿ, ಹಳಿ ಹಿಡಿದು
ಲೋಂಡಾತನಕ ನಡೆದದ್ದು ಆ ವರ್ಷ.
‘ಒತ್ತು, ದಾಟು’ ಅಂದಳು.

ಆದರೂ ಸಿನಿಮಾದ ಅಂಗಡಿಗಳು ಒಪ್ಪಲಿಲ್ಲ.
ಈ ಟೀವಿಗೆ ಈ ಸೇವೆ ನಿಂತಿದೆ, ಒಂದಾದ ಮೇಲೊಂದು.
ಕಡೆಗೆ ನನ್ನ ಫೋನನ್ನೇ ಗುರುತು ಹಿಡಿಯಿತು.
ಹುಡುಕಿದಾಗ ಸಿಕ್ಕದ್ದು ಅವಳೇ ಹಿಡಿದ ತುಣುಕು,
ಎಂದೋ ಕಳಿಸಿದ್ದು: ಮುನ್ನೂರ ನಾಲ್ಕರ ಕಿಟಕಿ,
ಅರ್ಧ ಬೆರಳು, ಅರ್ಧ ಸಮುದ್ರ,
ಮ್ಯಾನೇಜರ ಬರುವ ಬೂಟಿನ ಸದ್ದಿಗೆ ಗಕ್ಕನೆ ನಿಂತದ್ದು.
ಒಟ್ಟು ಹದಿನಾಲ್ಕು ಸೆಕೆಂಡು.

ಹೋಟೆಲಿನ ಬೀಗ ಇನ್ನೂ ಒಳಗಿದೆ,
ಸೌಂಡು ಇಪ್ಪತ್ತರ ಮೇಲೇರುವುದಿಲ್ಲ.
ಪಕ್ಕದ ಕೋಣೆಯವರ ನಿದ್ದೆ ಕೆಡದಂತೆ
ಅಲೆ ಬಂದಿತು, ಹೋಯಿತು, ಮತ್ತೆ ಮೊದಲಿಂದ ಬಂದಿತು.

ಅವಳು ಎದ್ದು ಸೆರಗಿನಿಂದ ಪರದೆ ಒರೆಸಿದಳು,
ಮೇಲಿಂದ ಕೆಳಗೆ, ಮೂಲೆಗೆ ಬೆರಳು ತಿರುವಿ,
ಒಂಬತ್ತು ವರ್ಷದ ರೂಢಿ.
‘ಕುಂದ್ರ’ ಅಂದೆ.
ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮ್ಯಾಲೆ ಕೂತಳು.
ಮಂಚ ನಮ್ಮದೇ ಎಂದು ನೆನಪಾಗಲು ಹೊತ್ತು ಹಿಡಿಯಿತು.

ಸ್ವಾಗತದ ಪಾಟಿ ಅಳಿಸುವ ಗುಟ್ಟಿನ ನಂಬರು ನನಗೆ ಗೊತ್ತು.
‘ಇರಲಿ ಬಿಡು,
ಇಡೀ ಊರಾಗ ಇದೊಂದರ ನಮಗ ಬರ್ರಿ ಅಂತೈತಿ.’

ಕೆಳಗಿನಿಂದ ಕಾಯ್ತಾನ್ ಮಾಮ ಕೊಂಕಣಿಯಲ್ಲಿ ಕೂಗಿದ,
ನೆಟ್ಟು ಯಾರು ಕುಡೀತಿದ್ದೀರೋ ಅಂತ.
ಸಮುದ್ರ, ಮಾಮ, ಅಂದೆ. ಅವನಿಗೆ ಕೇಳಿಸಲಿಲ್ಲ.